ಕುರ್ಚಿ ಹೋದಮೇಲೆ ಕುಂಚ

ಚುನಾವಣೆ ಕವರೇಜ್‌ಗೆ ಅಂತ ದಾವಣಗೆರೆಗೆ ಹೋಗಿದ್ದಾಗಿನ ಮಾತು. ಲೈವ್ ಮುಗಿಸಿ ಟೀ ಕುಡೀತಾ ನಿಂತಿದ್ದೆ. ದೃಶ್ಯಕಲಾ ಮಹಾವಿದ್ಯಾಲಯದ ಮೂರ್ನಾಲ್ಕು ಹುಡುಗರು ಬಂದು ಮಾತಾಡಿಸಿದರು. 1964ರಿಂದ ಚಿತ್ರ ಕಲಿಸ್ತಾ ಬಂದಿರುವ ಕಾಲೇಜು ಅದು. ಅವರಲ್ಲೊಬ್ಬ ಕೇಳಿದ, ‘ಸರ್, ಲೀಡರ್‌ಗಳ ಹುಟ್ಟುಹಬ್ಬ ಬಂದ್ರೆ ಅವರ ಮುಖ ಬರೆಯೋರು ನಾವು. ಯಾವನಾದ್ರೂ ಲೀಡರ್ ತಾನೇ ಕೂತು ಚಿತ್ರ ಬರೆದಿದ್ದಾನಾ?’

ಗಂಟೆಗಟ್ಟಲೆ ಮಾತಾಡೋ ನನಗೆ ಆ ಕ್ಷಣಕ್ಕೆ ಉತ್ತರ ಹೊಳೀಲಿಲ್ಲ ನೋಡಿ. ‘ಚರ್ಚಿಲ್’ ಅಂದೆ. ಹುಡುಗ ನಕ್ಕ. ‘ನಮ್ಮೋರು ಸರ್, ನಮ್ಮೋರು’ ಅಂದ.

ಚರ್ಚಿಲ್ ಕೂಡ ಪೂರ್ತಿ ಹೊರಗಿನವನಲ್ಲ ಬಿಡಿ. 1896ರಲ್ಲಿ ಸೈನ್ಯದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದಿದ್ದ. ಪೋಲೋ ಆಡಿದ, ಚಿಟ್ಟೆ ಹಿಡಿದ, ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದ. ಆಗ ಕುಂಚ ಮುಟ್ಟಿರಲಿಲ್ಲ. ಮುಟ್ಟಿದ್ದು 1915ರಲ್ಲಿ, ನಲವತ್ತು ದಾಟಿದ ಮೇಲೆ. ಡಾರ್ಡನೆಲ್ಸ್ ಯುದ್ಧದಲ್ಲಿ ಸಾವಿರಾರು ಜನ ಸತ್ತರು, ನೌಕಾಪಡೆಯ ಮಂತ್ರಿಗಿರಿ ಹೋಯಿತು, ಮನುಷ್ಯ ಕುಸಿದುಹೋದ. ಹಳ್ಳಿಮನೆಯೊಂದರಲ್ಲಿ ಕ್ಯಾನ್ವಾಸ್ ಮುಂದೆ ನಿಂತರೆ ಕೈಯೇ ಏಳುತ್ತಿಲ್ಲ! ಬಿಳಿ ಬಟ್ಟೆಯ ಮೇಲೆ ಒಂದು ಕಾಳಿನಷ್ಟು ನೀಲಿ ಇಟ್ಟು ಬೆವರಿದ. ಕಲಾವಿದ ಲೇವರಿಯ ಹೆಂಡತಿ ಕಾರಿನಿಂದ ಇಳಿದು ಬಂದು, ದೊಡ್ಡ ಕುಂಚ ಕಿತ್ತುಕೊಂಡು ಕ್ಯಾನ್ವಾಸಿಗೆ ರಪರಪ ಬಳಿದಳಂತೆ. ಅಲ್ಲಿಗೆ ಭಯ ಬಿಟ್ಟಿತು. ಸಾಯೋವರೆಗೆ ಐನೂರಕ್ಕೂ ಹೆಚ್ಚು ಚಿತ್ರ ಬರೆದ.

ಹಾಗಂತ ಕುಂಚ ಹಿಡಿದವರೆಲ್ಲ ಕರುಣಾಮಯಿಗಳು ಅಂತ ತಿಳ್ಕೋಬೇಡಿ. 1943ರ ಜನವರಿಯಲ್ಲಿ ಇದೇ ಚರ್ಚಿಲ್ ಮೊರಾಕೋದಲ್ಲಿ ಸೂರ್ಯಾಸ್ತದ ಮಸೀದಿ ಗೋಪುರ ಬರೆದು ರೂಸ್‌ವೆಲ್ಟ್‌ಗೆ ಕೊಟ್ಟ. ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು, ಆಗ ಪ್ರಧಾನಿ ಯಾರು ಅಂತ ನಾನು ಹೇಳಬೇಕಾಗಿಲ್ಲ. ಹಿಟ್ಲರ್ ಕಥೆ ಗೊತ್ತೇ ಇದೆ. ವಿಯೆನ್ನಾದ ಕಲಾಶಾಲೆ ಎರಡು ಸಲ ವಾಪಸ್ ಕಳಿಸಿದ ಗಿರಾಕಿ.

ನಮ್ಮ ದೇಶದಲ್ಲಿ ವಿ.ಪಿ. ಸಿಂಗ್ ಇದ್ದರು. ಹನ್ನೊಂದೇ ತಿಂಗಳ ಪ್ರಧಾನಿ. 1990ರ ನವೆಂಬರ್‌ನಲ್ಲಿ ಕುರ್ಚಿ ಹೋಯಿತು, ಆಮೇಲೆ ಕ್ಯಾನ್ಸರ್, ಡಯಾಲಿಸಿಸ್. ಆ ದಿನಗಳಲ್ಲೂ ಚಿತ್ರ ಬರೆದರು, ಕವಿತೆ ಬರೆದರು. ಮಂಡಲ್ ವಿಚಾರಕ್ಕೆ ಅವರನ್ನು ಬೈಯ್ಯೋರು, ಹೊಗಳೋರು ಇಬ್ಬರೂ ಇದ್ದಾರೆ. ಚಿತ್ರದ ಬಗ್ಗೆ ಮಾತಾಡೋರು ಕಡಿಮೆ.

ಆದರೆ ಹುಡುಗ ಕೇಳಿದ ‘ನಮ್ಮೋರು’ ನೆನಪಾದದ್ದು ಸಂಜೆ, ಹರಿಹರದ ಸೇತುವೆ ಮೇಲೆ. ಕೆಳಗೆ ತುಂಗಭದ್ರೆ. ಆ ನೀರು ಬರೋದು ಹೊನ್ನಾಳಿ ಕಡೆಯಿಂದ. ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಅದೇ ಹೊನ್ನಾಳಿ, ಮೈಸೂರಿನ ಒಬ್ಬ ಮಹಾರಾಜರ ಕುರ್ಚಿ ಅಲ್ಲಾಡಿಸಿತ್ತು ಸ್ವಾಮಿ!

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಇಷ್ಟು ಹಣ ಕಟ್ಟುತ್ತೇನೆ ಅಂತ ಅಮಲ್ದಾರ ಶರತ್ತು ಬರೆದುಕೊಡೋದು, ಅದನ್ನು ರೈತನ ಚರ್ಮ ಸುಲಿದು ವಸೂಲು ಮಾಡೋದು. 1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಹೊನ್ನಾಳಿ ಕೋಟೆಗಾಗಿ ಕಾದಾಟವೇ ನಡೆಯಿತು. ಇದನ್ನೇ ನೆಪ ಮಾಡಿಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ಕಿತ್ತುಕೊಂಡ. ಸಿಂಹಾಸನ ಇತ್ತು, ಅಧಿಕಾರ ಇರಲಿಲ್ಲ. ಮಹಾರಾಜರಿಗೆ ಆಗ ಮೂವತ್ತೇಳು ವರ್ಷ. ಮುಂದೆ ಬದುಕಿದ್ದೂ ಅಷ್ಟೇ, ಇನ್ನೊಂದು ಮೂವತ್ತೇಳು ವರ್ಷ.

ಏನು ಮಾಡಿದರು? ಶ್ರೀತತ್ತ್ವನಿಧಿ ರೂಪಿಸಿದರು. ಒಂಬತ್ತು ಭಾಗ. ಯಾವ ದೇವರಿಗೆ ಎಷ್ಟು ಕೈ, ಯಾವ ಬಣ್ಣ, ಯಾವ ವಾಹನ, ಎಲ್ಲಾ ಚಿತ್ರ ಸಮೇತ. ಯೋಗಾಸನಗಳೇ 122. ಗಂಜೀಫಾ ಎಲೆಗಳಿಗೆ ಹೊಸ ಹೊಸ ಆಟ ಕಟ್ಟಿದರು, ಚದುರಂಗದ ಕುದುರೆ ಅರವತ್ನಾಲ್ಕು ಮನೆ ಸುತ್ತುವ ಲೆಕ್ಕ ಬಿಡಿಸಿದರು. ಕುಂಚ ಹಿಡಿದದ್ದು ಆಸ್ಥಾನದ ಚಿತ್ರಗಾರರು, ಒಪ್ಪುತ್ತೇನೆ. ಕಲ್ಪನೆ ಮಾತ್ರ ಮಹಾರಾಜರದು.

ಜಗನ್ಮೋಹನ ಅರಮನೆಗೆ ಹೋದರೆ ರಂಗಮಹಲಿನ ಗೋಡೆ ನೋಡಿ ಬನ್ನಿ. ಕಮಲದ ಎಸಳುಗಳಲ್ಲಿ ಒಡೆಯರ ವಂಶಾವಳಿ ಇದೆ. ಅದನ್ನು ಬರೀ ಅಲಂಕಾರ ಅಂತ ನೋಡಬೇಡಿ. ಮಹಾರಾಜರಿಗೆ ಗಂಡುಮಕ್ಕಳಿಲ್ಲ. ದತ್ತು ಮಗನಿಗೆ ರಾಜ್ಯ ಕೊಡ್ತೀವೋ ಇಲ್ಲವೋ ಅಂತ ಬ್ರಿಟಿಷರು ಆಟ ಆಡಿಸ್ತಿದ್ದ ಕಾಲ. ಹವ್ಯಾಸ ಅಂತೀವಲ್ಲ, ನನ್ನ ಕಣ್ಣಿಗೆ ಅದು ಗೋಡೆ ಮೇಲೆ ಬರೆದ ಅರ್ಜಿ. ಕಾಗದದ ಅರ್ಜಿಗಳನ್ನೂ ಬರೆಯುತ್ತಲೇ ಇದ್ದರು. 1865ರಲ್ಲಿ ದತ್ತು ತೆಗೆದುಕೊಂಡರು, 1867ರಲ್ಲಿ ಲಂಡನ್ ಒಪ್ಪಿತು, 1868ರ ಮಾರ್ಚ್‌ನಲ್ಲಿ ಕಣ್ಣುಮುಚ್ಚಿದರು. ರಾಜ್ಯ ವಾಪಸ್ ಬಂದದ್ದು 1881ರಲ್ಲಿ, ಮಗನ ಕೈಗೆ.

ಹೊನ್ನಾಳಿಯ ರೈತನಿಗೆ ಆ ಕಮಲದಲ್ಲಿ ಒಂದು ಎಸಳೂ ಇಲ್ಲ, ಅದೂ ನಿಜ.

ಬೆಂಗಳೂರಿಗೆ ವಾಪಸ್ ಬಂದ ವಾರವೇ ನಮ್ಮ ಸ್ಟುಡಿಯೋಗೆ ಒಬ್ಬರು ಮಾಜಿ ಮಂತ್ರಿಗಳು ಬಂದಿದ್ದರು. ಬ್ರೇಕ್‌ನಲ್ಲಿ ಸುಮ್ಮನೆ ಕೇಳಿದೆ, ‘ಸಾರ್, ಈಗ ಅಧಿಕಾರ ಇಲ್ಲವಲ್ಲ, ಸಾಯಂಕಾಲ ಮನೇಲಿ ಏನು ಮಾಡ್ತೀರಿ?’

ಅವರು ಮೈಕ್ ಸರಿಮಾಡಿಕೊಳ್ಳುತ್ತಾ ಅಂದರು, ‘ಇನ್ನೇನ್ರೀ, ಟಿವಿ ಹಾಕ್ಕೊಂಡು ನಿಮ್ಮನ್ನೇ ನೋಡ್ತಾ ಕೂತಿರ್ತೀನಿ. ನನ್ನ ಹೆಸರು ಎಲ್ಲಾದ್ರೂ ಬರುತ್ತೇನೋ ಅಂತ.’