ಎಡೆದೊರೆಯಲ್ಲಿ ಉಗಿ: ಕಾರ್ಖಾನೆಯಿಲ್ಲದ ಸೀಮೆಯ ಯಂತ್ರವಿದ್ಯೆ

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಕಾಕತೀಯರ ಕಾಲದ 1294ರ ಶಾಸನವಿದ್ದು, ಆ ಕಲ್ಲನ್ನು ಸಾಗಿಸಿ ತಂದ ಬಗೆಯನ್ನೂ ಅಲ್ಲಿಯೇ ಗೆರೆಚಿತ್ರವಾಗಿ ಕೊರೆಯಲಾಗಿದೆ. ಗಟ್ಟಿ ಗಾಲಿಗಳ ಬಂಡಿ, ಅದಕ್ಕೆ ಸಾಲಾಗಿ ಹೂಡಿದ ಕೋಣಗಳು, ಗಾಲಿಯ ಕೆಳಗೆ ಸನ್ನೆಗೋಲು ಕೊಟ್ಟು ಮೀಟುವ ಆಳುಗಳು: ಭಾರವನ್ನು ಕದಲಿಸಲು ಎಡೆದೊರೆ ನಾಡಿಗೆ, ಅಂದರೆ ಕೃಷ್ಣಾ ತುಂಗಭದ್ರಾ ನದಿಗಳ ನಡುವಿನ ಈ ಸೀಮೆಗೆ, ತಿಳಿದಿದ್ದ ಬಲವೆಲ್ಲ ಈ ಚಿತ್ರದಲ್ಲಿ ಅಡಕವಾಗಿದೆ. ಮುಂದಿನ ಐದೂಮುಕ್ಕಾಲು ಶತಮಾನಗಳಲ್ಲಿ ಬಹಮನಿ, ವಿಜಯನಗರ, ಆದಿಲಶಾಹಿ, ನಿಜಾಮ ಎಂದು ಆಳುವವರು ಬದಲಾದರೇ ಹೊರತು ಈ ಬಲ ಬದಲಾಗಲಿಲ್ಲ.

ಬದಲಾದದ್ದು 1871ರಲ್ಲಿ. ಮುಂಬೈಯಿಂದ ಸೊಲ್ಲಾಪುರ, ಕಲಬುರಗಿಗಳ ಮೂಲಕ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ ಆ ವರ್ಷ ರಾಯಚೂರಿನಲ್ಲಿ ಕೂಡಿದವು. ಎರಡು ಕಂಪನಿಗಳ ಗಡಿಯಾದ ಈ ಊರಿಗೆ ಉಗಿಯಂತ್ರ ದಿನವೂ ಬಂದು ಹೋಗುತ್ತಿದ್ದರೂ, ಅದನ್ನು ಬಿಚ್ಚಿ ಕಟ್ಟುವ ವಿದ್ಯೆ ಮಾತ್ರ ಅದರೊಡನೆ ಇಳಿಯಲಿಲ್ಲ. ಮೊದಲನೆಯ ಕಂಪನಿಯ ಎಂಜಿನ್ ಕಾರ್ಖಾನೆ ಮುಂಬೈಯಲ್ಲಿತ್ತು, ಎರಡನೆಯದರದು ಮದ್ರಾಸಿನ ಪೆರಂಬೂರಿನಲ್ಲಿತ್ತು. ಕನ್ನಡ ನೆಲದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ 1885ರಲ್ಲಿ ಸ್ಥಾಪನೆಯಾದರೂ ಅದು ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿಯ, ಎಂಜಿನುಗಳಿಗೆ ಸೇರಿತ್ತು. ಇನ್ನು ಇದೇ ಸೀಮೆಯ ಪೇಟೆಗಳಾದ ಮಾನ್ವಿ ಮತ್ತು ದೇವದುರ್ಗಗಳಿಗೆ ಉಗಿಬಂಡಿಯ ಕಾಲ ಮುಗಿಯುವವರೆಗೂ ಹಳಿಯೇ ಬರಲಿಲ್ಲ.

ಊರೊಳಗೆ ನಿಂತು ಕೆಲಸ ಮಾಡಿದ ಉಗಿಯಂತ್ರವನ್ನು ಹತ್ತಿಯ ವ್ಯವಹಾರದಲ್ಲಿ ಹುಡುಕಬೇಕು. ಜಿನ್ನು, ಅಂದರೆ ಬೀಜದಿಂದ ಅರಳೆಯನ್ನು ಬಿಡಿಸುವ ಯಂತ್ರ, ಮತ್ತು ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸು, ಇವೆರಡೂ ರೈಲಿನ ಬೆನ್ನಿಗೆ ಎಡೆದೊರೆಗೆ ಬಂದವು. ಇಂಥ ಗಿರಣಿಯಲ್ಲಿ ಪ್ರತಿ ಜಿನ್ನಿಗೂ ಬೇರೆ ಎಂಜಿನ್ ಇರುತ್ತಿರಲಿಲ್ಲ. ಒಂದೇ ಎಂಜಿನ್ ಮೇಲಿನ ಉದ್ದನೆಯ ಶಾಫ್ಟನ್ನು ತಿರುಗಿಸಿದರೆ, ಅದರಿಂದ ಇಳಿಬಿಟ್ಟ ಪಟ್ಟಾಗಳು ಸಾಲು ಜಿನ್ನುಗಳನ್ನು ತಿರುಗಿಸುತ್ತಿದ್ದವು. ಸುಗ್ಗಿಯ ನಡುವೆ ಒಂದು ಕೊಂಡಿ ಮುರಿದರೆ ಇಡೀ ಗಿರಣಿ ನಿಲ್ಲುವ ಈ ಏರ್ಪಾಟಿನಲ್ಲಿ, ಮುಂಬೈಯಿಂದ ಬಿಡಿಭಾಗ ಬರಲೆಂದು ಕಾಯುವುದಕ್ಕಿಂತ ಹತ್ತಿರದ ಕುಲುಮೆಗೆ ಓಡುವುದೇ ಸಹಜವಾಗಿತ್ತೆಂದು ಊಹಿಸಲು ದಾಖಲೆ ಬೇಕಿಲ್ಲ.

ಅಂಥ ಕುಲುಮೆಯ ಕೈಗಳಿಗೆ ಚಿಕ್ಕದೊಂದು ಉಗಿಯಂತ್ರವನ್ನು ತಾವೇ ಕಟ್ಟುವುದು ಸಾಧ್ಯವಿತ್ತೇ ಎಂಬುದು ಮುಂದಿನ ಪ್ರಶ್ನೆ. ಮಾದರಿ ಉಗಿಯಂತ್ರವನ್ನು, ಅಂದರೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದರೂ ನಿಜವಾಗಿ ಉಗಿಯಿಂದಲೇ ತಿರುಗುವ ಯಂತ್ರವನ್ನು, ಹವ್ಯಾಸಕ್ಕಾಗಿ ಕಟ್ಟುವ ಪದ್ಧತಿ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಟ್ಟಿಯಾಗಿ ಬೇರೂರಿ, 1898ರಲ್ಲಿ ಪರ್ಸಿವಲ್ ಮಾರ್ಷಲ್ ಅದಕ್ಕೆಂದೇ ಒಂದು ಪತ್ರಿಕೆಯನ್ನು ಆರಂಭಿಸಿದ. ಆ ಪದ್ಧತಿ ಬೆಳೆದಂತೆ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ, ಇಲ್ಲದವನಿಗೆ ಅದರಲ್ಲಿ ಪ್ರವೇಶವಿಲ್ಲವೆಂಬ ಭಾವನೆಯೂ ಬೆಳೆಯಿತು. ಈ ಭಾವನೆ ಅರ್ಧ ಸತ್ಯ ಮಾತ್ರ. ತೂಗಾಡುವ ಸಿಲಿಂಡರಿನ ಎಂಜಿನ್ ಎಂಬ ಬಗೆಯಲ್ಲಿ ಉಗಿಯನ್ನು ಒಳಬಿಡಲು, ಹೊರಬಿಡಲು ಪ್ರತ್ಯೇಕ ಕವಾಟವೇ ಇರುವುದಿಲ್ಲ. ಸಿಲಿಂಡರ್ ತನ್ನ ಗೂಟದ ಮೇಲೆ ಅತ್ತಿತ್ತ ತೂಗುವಾಗ ಅದರ ತೂತು ಹಿಂದಿನ ತಗಡಿನ ಒಂದು ತೂತಿಗೆ ಹೊಂದಿದರೆ ಉಗಿ ಒಳಬರುತ್ತದೆ, ಇನ್ನೊಂದಕ್ಕೆ ಹೊಂದಿದರೆ ಹೊರಹೋಗುತ್ತದೆ. ಇದಕ್ಕೆ ಹಿತ್ತಾಳೆಯ ಕೊಳವೆ, ಅದರೊಳಗೆ ಬಿಗಿಯಾಗಿ ಆಡುವ ಪಿಸ್ಟನ್ನು, ಒಂದು ಭಾರದ ಚಕ್ರ ಸಾಕು. ಒಂದಕ್ಕೊಂದು ತಾಗುವ ಎರಡು ಮುಖಗಳನ್ನು ಗಾಜಿನ ಮೇಲೆ ಪಾಲಿಶ್ ಕಾಗದ ಹಾಸಿ ಕೈಯಿಂದಲೇ ಉಜ್ಜಿ ಸಮ ಮಾಡಬಹುದು.

ಬಾಯ್ಲರಿನ ವಿಷಯ ಇಷ್ಟು ಸುಲಭವಲ್ಲ. ನೀರು ಉಗಿಯಾದಾಗ ಸಾಮಾನ್ಯ ಒತ್ತಡದಲ್ಲಿ ಸುಮಾರು 1,600 ಪಟ್ಟು ಹಿಗ್ಗುವುದರಿಂದ ಬೆಸುಗೆಯ ಗಟ್ಟಿತನವೇ ಕಟ್ಟುವವನ ಪ್ರಾಣರಕ್ಷೆ. ತವರ ಸೀಸಗಳ ಮೆದು ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ನೀರು ಬತ್ತಿದ ಪಾತ್ರೆಯ ಕೆಳಗೆ ಉರಿ ಉಳಿದರೆ ಈ ಅಂಕೆಯನ್ನು ಮುಟ್ಟಲು ಹೊತ್ತು ಹಿಡಿಯದು. ಬೆಳ್ಳಿ ಬೆರೆತ ಬೆಸುಗೆಗಾದರೋ 600 ಡಿಗ್ರಿಗೂ ಮೀರಿದ ಕಾವು ಬೇಕು. ಆ ಕಾವನ್ನು ಊದುಗೊಳವೆಯಿಂದ ಒಂದೇ ಬಿಂದುವಿಗೆ ಹಾಯಿಸಿ, ಲೋಹ ಕಪ್ಪಾಗದಂತೆ ಬಿಳಿಗಾರ ಸವರಿ ಬೆಸೆಯುವ ಕೆಲಸ ಪತ್ತಾರರ, ಅಂದರೆ ಅಕ್ಕಸಾಲಿಗರ, ನಿತ್ಯದ ಕಸುಬು. ತಾಮ್ರದ ತಗಡನ್ನು ಬಡಿದು ಕೊಡದ ಆಕಾರಕ್ಕೆ ಉಬ್ಬಿಸುವುದು ಕಂಚುಗಾರನಿಗೆ, ತಿದಿಯೊತ್ತಿ ಕಬ್ಬಿಣವನ್ನು ಬಾಗಿಸುವುದು ಕಂಬಾರನಿಗೆ, ಅಚ್ಚಿಗೆ ಮರದ ಮಾದರಿ ಕೆತ್ತುವುದು ಬಡಿಗನಿಗೆ ತಿಳಿದ ವಿದ್ಯೆಗಳು. ಕಾರ್ಖಾನೆ ಒಂದೇ ಸೂರಿನ ಕೆಳಗಿರಬೇಕೆಂಬ ನಿಯಮವನ್ನು ಬಿಟ್ಟರೆ, ಮಾನ್ವಿ ದೇವದುರ್ಗಗಳಂಥ ಪೇಟೆಯ ಬೀದಿಗಳಲ್ಲಿ ಅದು ನಾಲ್ಕು ಮನೆಗಳಾಗಿ ಹರಡಿತ್ತೆಂದು ಹೇಳಬೇಕಾಗುತ್ತದೆ. ಇಲ್ಲದಿದ್ದದ್ದು ಕೈಯಲ್ಲ, ನಾಲ್ಕು ಕೈಗಳನ್ನು ಒಂದು ನಕಾಶೆಗೆ ಕೂಡಿಸುವ ಓದು.

ಈ ವಿದ್ಯೆಯ ಅತ್ಯಂತ ಬಡ ರೂಪವನ್ನು ಎಲ್ಲರೂ ಕಂಡಿದ್ದರೂ ಅದನ್ನು ಉಗಿಯಂತ್ರವೆಂದು ಎಣಿಸಿದವರು ಕಡಿಮೆ. ಜಾತ್ರೆಗಳಲ್ಲಿ ಮಾರುವ, ನೀರಿನ ತಟ್ಟೆಯಲ್ಲಿ ಪಟಪಟನೆ ಸದ್ದು ಮಾಡುತ್ತ ಸುತ್ತುವ ತಗಡಿನ ದೋಣಿಯ ಹೊಟ್ಟೆಯಲ್ಲಿ ತೆಳು ತಗಡಿನ ಒಂದು ಬಾಯ್ಲರೂ ಹಿಂಬದಿಗೆ ಹೋಗುವ ಎರಡು ಸಣ್ಣ ಕೊಳವೆಗಳೂ ಇರುತ್ತವೆ. ಕೆಳಗೆ ಎಣ್ಣೆಬತ್ತಿ ಉರಿದಾಗ ಉಗಿ ಕೊಳವೆಯ ನೀರನ್ನು ಹೊರದಬ್ಬಿ, ತಾನೇ ತಣಿದು, ಮತ್ತೆ ನೀರನ್ನು ಒಳಗೆಳೆಯುತ್ತದೆ. ಹೋಗುವ ನೀರು ನೇರ ಹಿಂದಕ್ಕೆ ಚಿಮ್ಮಿ, ಬರುವ ನೀರು ಎಲ್ಲ ದಿಕ್ಕಿನಿಂದ ನುಗ್ಗುವುದರಿಂದ ದೋಣಿ ಮುಂದಕ್ಕೇ ಸಾಗುತ್ತದೆ. 1891ರಲ್ಲಿ ತೋಮಾ ಪಿಯೊ ಎಂಬಾತ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಈ ಉಪಾಯವನ್ನು ಭಾರತದ ತಗಡುಗೆಲಸದವರು ಹಳೆಯ ಡಬ್ಬಿಯ ತಗಡಿನಲ್ಲಿ, ಕತ್ತರಿ ಮತ್ತು ಬೆಸುಗೆಯ ಸಲಾಕೆಯಿಂದ ಇಳಿಸಿದರು.

ಕಾನೂನು ಕೂಡ ಚಿಕ್ಕ ಯಂತ್ರಕ್ಕೆ ದಾರಿ ಬಿಟ್ಟಿತ್ತು. 1923ರ ಭಾರತೀಯ ಬಾಯ್ಲರ್ ಕಾಯ್ದೆ ಐದು ಗ್ಯಾಲನ್, ಅಂದರೆ ಸುಮಾರು 22.75 ಲೀಟರ್ ಮೀರಿದ ಪಾತ್ರೆಯನ್ನಷ್ಟೇ ಬಾಯ್ಲರೆಂದು ಗಣಿಸಿ ತಪಾಸಣೆಗೆ ಒಳಪಡಿಸಿತು. ಬ್ರಿಟಿಷ್ ಇಂಡಿಯಾದ ಆ ಕಾಯ್ದೆ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರಿಗೆ ನೇರವಾಗಿ ಅನ್ವಯಿಸುತ್ತಲೂ ಇರಲಿಲ್ಲ. ತಪಾಸಣೆಯಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು.

ಎಣ್ಣೆ ಎಂಜಿನ್ನೂ ವಿದ್ಯುತ್ ಮೋಟಾರೂ ಬಂದ ಮೇಲೆ ಪಿಸ್ಟನ್ ಉಗಿಯಂತ್ರ ಗಿರಣಿಗಳಿಂದ ಹಿಂದೆ ಸರಿಯಿತು. ರೈಲಿನಲ್ಲೂ ಹಾಗೆಯೇ ಆಗಿ, ಚಿತ್ತರಂಜನದ ರೈಲ್ವೆ ಎಂಜಿನ್ ಕಾರ್ಖಾನೆ ಬ್ರಾಡ್ ಗೇಜಿನ ಕೊನೆಯ ಉಗಿ ಎಂಜಿನನ್ನು 1970ರಲ್ಲಿ ಕಟ್ಟಿ ಮುಗಿಸಿತು. ಉಗಿ ಮಾತ್ರ ರಾಯಚೂರನ್ನು ಬಿಡಲಿಲ್ಲ. ಭತ್ತ ಬೇಯಿಸುವ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ಉರಿಸುವ ಬಾಯ್ಲರುಗಳಿವೆ. ದೇವಸೂಗೂರಿನ ಪಕ್ಕದ ಶಕ್ತಿನಗರದಲ್ಲಿ 1985ರಿಂದ ನಡೆಯುತ್ತಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಎಂಟು ಘಟಕಗಳಾಗಿ ಬೆಳೆದು 1,720 ಮೆಗಾವಾಟ್ ಸಾಮರ್ಥ್ಯ ಪಡೆದಿದ್ದು, ಅಲ್ಲಿ ಟರ್ಬೈನನ್ನು, ಅಂದರೆ ಅಲಗುಗಳ ಚಕ್ರವನ್ನು, ತಿರುಗಿಸುವುದು ಕೃಷ್ಣೆಯ ನೀರಿನ ಉಗಿಯೇ.

ಜಿಲ್ಲೆಯ ಚರಿತ್ರೆ ಬರೆದವರು ಗಿರಣಿಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಅವುಗಳ ಯಂತ್ರಗಳನ್ನು ಅಳೆಯಲಿಲ್ಲ. ಹಳೆಯ ಜಿನ್ನಿನ ಅಂಗಳದಲ್ಲಿ ಒಂದು ಭಾರದ ಚಕ್ರವೋ ಸಿಲಿಂಡರೋ ಉಳಿದಿದ್ದರೆ, ಅದು ಗುಜರಿಯ ತಕ್ಕಡಿಯನ್ನೇರುವ ಮೊದಲು ಯಾರಾದರೂ ಟೇಪು ಹಿಡಿದು ಅದರ ಅಳತೆಯನ್ನು ಕಾಗದಕ್ಕಿಳಿಸಬೇಕು.