ಸಣ್ಣ ಯಂತ್ರೋಪಕರಣ ದುರಸ್ತಿ ಘಟಕಗಳಲ್ಲಿ ಗ್ರಾಹಕರ ಸಹಿಯುಳ್ಳ ಒಪ್ಪಂದ ಪತ್ರದ ಬಳಕೆ: ಮಾಹಿತಿ

ಪೀಠಿಕೆ

ಬಳ್ಳಾರಿ ತಾಲ್ಲೂಕಿನ ಹಲಕುಂದಿ ಹಾಗೂ ಸುತ್ತಲಿನ ಗ್ರಾಮಗಳು, ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ಯಂತ್ರ ದುರಸ್ತಿಯು ಅನೇಕ ಕುಟುಂಬಗಳ ಜೀವನೋಪಾಯವಾಗಿದೆ. ರೈತರ ಪಂಪ್‌ಸೆಟ್ ಮೋಟಾರು ಮತ್ತು ಸ್ಟಾರ್ಟರ್, ಔಷಧಿ ಸಿಂಪಡಿಸುವ ಯಂತ್ರ, ಜೀನ್ಸ್ ಉಡುಪು ತಯಾರಿಕಾ ಘಟಕಗಳ ಹೊಲಿಗೆ ಯಂತ್ರ, ಅಕ್ಕಿ ಗಿರಣಿ ಹಾಗೂ ಸ್ಪಾಂಜ್ ಐರನ್ ಕಾರ್ಖಾನೆಗಳ ಮೋಟಾರುಗಳು ಇಂತಹ ಘಟಕಗಳಿಗೆ ಬರುತ್ತವೆ. ಬಹುತೇಕ ವ್ಯವಹಾರಗಳು ಬಾಯಿಮಾತಿನಲ್ಲಿಯೇ ನಡೆಯುವುದರಿಂದ, ವೆಚ್ಚ ಹೆಚ್ಚಾದಾಗ, ವಿಳಂಬವಾದಾಗ ಅಥವಾ ಯಂತ್ರವನ್ನು ಮರಳಿ ಪಡೆಯಲು ಯಾರೂ ಬಾರದೇ ಇದ್ದಾಗ ವಿವಾದಗಳು ಉಂಟಾಗುತ್ತವೆ. ಯಂತ್ರವನ್ನು ಬಿಚ್ಚುವ ಮೊದಲೇ ಉಭಯ ಪಕ್ಷದವರು ಸಹಿ ಮಾಡಿದ ಒಂದು ಪುಟದ ಒಪ್ಪಂದ ಪತ್ರವು ಇಂತಹ ವಿವಾದಗಳನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ದುರಸ್ತಿ ಘಟಕದ ಮಾಲೀಕರು ಮತ್ತು ಗ್ರಾಹಕರ ಅನುಕೂಲಕ್ಕಾಗಿ ತತ್ಸಂಬಂಧವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಲಿಖಿತ ಒಪ್ಪಂದವಿಲ್ಲದಿದ್ದರೂ ಅನ್ವಯಿಸುವ ಕಾನೂನು

ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನ ಮಾನ್ಯತೆ ಇರುತ್ತದೆ. ಆದರೆ ಯಾರು ಏನನ್ನು ಒಪ್ಪಿದ್ದರು ಎಂಬುದನ್ನು ರುಜುವಾತುಪಡಿಸುವುದು ಕಷ್ಟ. ದುರಸ್ತಿಗಾಗಿ ಯಂತ್ರವನ್ನು ಒಪ್ಪಿಸಿದಾಗ ಭಾರತೀಯ ಕರಾರು ಅಧಿನಿಯಮ, 1872ರ ಈ ಕೆಳಕಂಡ ಉಪಬಂಧಗಳು ಅನ್ವಯವಾಗುತ್ತವೆ.

(ಅ) ಯಂತ್ರದಲ್ಲಿ ತಮಗೆ ತಿಳಿದಿರುವ, ಅಪಾಯ ತರಬಹುದಾದ ದೋಷಗಳನ್ನು ಗ್ರಾಹಕರು ಮುಂಚಿತವಾಗಿ ತಿಳಿಸತಕ್ಕದ್ದು (ಪ್ರಕರಣ 150). ವಿದ್ಯುತ್ ಸೋರಿಕೆ ಇರುವ ಮೋಟಾರು ಇದಕ್ಕೆ ಉದಾಹರಣೆ.

(ಆ) ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ತನ್ನ ಸ್ವಂತ ವಸ್ತುವನ್ನು ಕಾಪಾಡಿಕೊಳ್ಳುವಷ್ಟೇ ಎಚ್ಚರಿಕೆಯಿಂದ ದುರಸ್ತಿದಾರರು ಯಂತ್ರವನ್ನು ಕಾಪಾಡತಕ್ಕದ್ದು (ಪ್ರಕರಣ 151). ಅಷ್ಟು ಎಚ್ಚರಿಕೆ ವಹಿಸಿದ್ದರೂ ಯಂತ್ರವು ನಷ್ಟವಾದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ದುರಸ್ತಿದಾರರು ಹೊಣೆಯಾಗುವುದಿಲ್ಲ (ಪ್ರಕರಣ 152).

(ಇ) ದುರಸ್ತಿದಾರರ ತಪ್ಪಿನಿಂದ ಯಂತ್ರವು ಸಕಾಲದಲ್ಲಿ ಮರಳದಿದ್ದಲ್ಲಿ, ಆ ಸಮಯದಿಂದ ಮುಂದೆ ಯಂತ್ರಕ್ಕೆ ಆಗುವ ನಷ್ಟಕ್ಕೆ ಅವರೇ ಹೊಣೆಗಾರರು (ಪ್ರಕರಣ 161). ಮರಳಿಸುವ ದಿನಾಂಕವನ್ನು ಬರೆದಿಡದಿದ್ದರೆ "ಸಕಾಲ" ಯಾವುದು ಎಂಬುದೇ ವಿವಾದವಾಗುತ್ತದೆ.

(ಈ) ಶ್ರಮ ಅಥವಾ ಕೌಶಲ ಬಳಸಿ ಕೆಲಸ ಪೂರೈಸಿದ ದುರಸ್ತಿದಾರರು, ಆ ಕೆಲಸದ ಮಜೂರಿ ಪಾವತಿಯಾಗುವವರೆಗೆ ಅದೇ ಯಂತ್ರವನ್ನು ತಡೆಹಿಡಿಯಲು ಹಕ್ಕುಳ್ಳವರು (ಪ್ರಕರಣ 170).

2. ತಡೆಹಿಡಿಯುವ ಹಕ್ಕಿನ ಮಿತಿಗಳು

ಪ್ರಕರಣ 170ರ ಹಕ್ಕನ್ನು ತಪ್ಪಾಗಿ ಅರ್ಥೈಸಿಕೊಳ್ಳುವ ಸಂದರ್ಭಗಳು ಇರುವುದರಿಂದ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

- ಸದರಿ ಹಕ್ಕು ಆ ಯಂತ್ರದ ಮೇಲೆ ಮಾಡಿದ ಕೆಲಸದ ಹಣಕ್ಕೆ ಮಾತ್ರ ಸೀಮಿತ. ಹಿಂದಿನ ವರ್ಷದ ಹಳೆಯ ಬಾಕಿಗಾಗಿ ಈಗ ತಂದ ಮೋಟಾರನ್ನು ತಡೆಹಿಡಿಯಲು ಈ ಪ್ರಕರಣದಲ್ಲಿ ಅವಕಾಶವಿರುವುದಿಲ್ಲ.
- ಕೆಲಸ ಮುಗಿದ ಕೂಡಲೇ ಯಂತ್ರವನ್ನು ಕೊಟ್ಟು, ಹಣವನ್ನು ಬೆಳೆ ಬಂದ ನಂತರ ಪಡೆಯುವುದಾಗಿ ಒಪ್ಪಿದ್ದಲ್ಲಿ ತಡೆಹಿಡಿಯುವ ಹಕ್ಕು ಉಳಿಯುವುದಿಲ್ಲ. ಸದರಿ ಪ್ರಕರಣದ ದೃಷ್ಟಾಂತದಲ್ಲಿಯೇ ಮೂರು ತಿಂಗಳ ಸಾಲಕ್ಕೆ ಕೋಟು ಹೊಲಿದುಕೊಡಲು ಒಪ್ಪಿದ ದರ್ಜಿಯು ಹಣಕ್ಕಾಗಿ ಕೋಟನ್ನು ಇಟ್ಟುಕೊಳ್ಳುವಂತಿಲ್ಲವೆಂದು ತಿಳಿಸಲಾಗಿದೆ.
- ತಡೆಹಿಡಿಯುವ ಹಕ್ಕು ಮಾರಾಟ ಮಾಡುವ ಹಕ್ಕಲ್ಲ. ವರ್ಷಗಟ್ಟಲೆ ಯಾರೂ ಬಾರದ ಯಂತ್ರವನ್ನೂ ಗುಜರಿಗೆ ಹಾಕಲು ಈ ಪ್ರಕರಣವು ಅಧಿಕಾರ ನೀಡುವುದಿಲ್ಲ. ಇದಕ್ಕಾಗಿ ಒಪ್ಪಂದ ಪತ್ರದಲ್ಲಿ ಪ್ರತ್ಯೇಕ ಷರತ್ತು ಅವಶ್ಯಕ.

3. ಒಪ್ಪಂದ ಪತ್ರದಲ್ಲಿ ನಮೂದಿಸಬೇಕಾದ ವಿವರಗಳು

(1) ಗ್ರಾಹಕರ ಹೆಸರು, ಗ್ರಾಮ, ದೂರವಾಣಿ ಸಂಖ್ಯೆ. ಯಂತ್ರವನ್ನು ಬೇರೆಯವರು ತಂದಿದ್ದಲ್ಲಿ ಅವರ ಹೆಸರು.

(2) ಯಂತ್ರದ ಗುರುತು: ತಯಾರಕರ ಹೆಸರು, ಕ್ರಮ ಸಂಖ್ಯೆ, ಅಶ್ವಶಕ್ತಿ, ಜೊತೆಗೆ ಒಪ್ಪಿಸಿದ ಬಿಡಿಭಾಗಗಳು (ಕೇಬಲ್, ಸ್ಟಾರ್ಟರ್, ಪುಲ್ಲಿ ಇತ್ಯಾದಿ).

(3) ಯಂತ್ರವನ್ನು ಪಡೆದಾಗಿನ ಸ್ಥಿತಿ: ಒಡೆದ ಭಾಗ, ಸುಟ್ಟ ಗುರುತು, ಹಿಂದೆ ಬೇರೆಡೆ ಬಿಚ್ಚಿದ ಲಕ್ಷಣ. ಸಾಧ್ಯವಾದಲ್ಲಿ ಮೊಬೈಲ್ ದೂರವಾಣಿಯಲ್ಲಿ ಛಾಯಾಚಿತ್ರ ತೆಗೆದು ಗ್ರಾಹಕರಿಗೂ ಕಳುಹಿಸುವುದು.

(4) ಗ್ರಾಹಕರು ಹೇಳಿದ ದೋಷ ಮತ್ತು ಒಪ್ಪಿಕೊಂಡ ಕೆಲಸ.

(5) ಅಂದಾಜು ವೆಚ್ಚ ಮತ್ತು ಗರಿಷ್ಠ ಮಿತಿ. ಮಿತಿ ಮೀರುವುದಾದಲ್ಲಿ ಗ್ರಾಹಕರ ಒಪ್ಪಿಗೆ ಪಡೆಯುವ ವಿಧಾನ. ಒಪ್ಪದಿದ್ದಲ್ಲಿ ಬಿಚ್ಚಿ ಪರೀಕ್ಷಿಸಿದ್ದಕ್ಕೆ ಕೊಡಬೇಕಾದ ಶುಲ್ಕ.

(6) ಹಾಕುವ ಸಾಮಗ್ರಿಯ ವಿವರ. ವೈಂಡಿಂಗ್ ಕೆಲಸದಲ್ಲಿ ತಂತಿಯು ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಎಂಬುದನ್ನು ಮತ್ತು ಅದರ ತೂಕವನ್ನು ಬರೆಯುವುದು.

(7) ತೆಗೆದ ಹಳೆಯ ಭಾಗಗಳು ಯಾರಿಗೆ ಸೇರತಕ್ಕದ್ದು. ಮೋಟಾರಿನಿಂದ ತೆಗೆದ ಹಳೆಯ ತಾಮ್ರದ ತಂತಿಯು ಗ್ರಾಹಕರ ಸ್ವತ್ತು. ಅದನ್ನು ದುರಸ್ತಿದಾರರು ಇಟ್ಟುಕೊಳ್ಳುವುದಾದಲ್ಲಿ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದು ತೋರಿಸುವುದು ಸೂಕ್ತ.

(8) ಮುಂಗಡ, ಉಳಿದ ಹಣ ಪಾವತಿಸುವ ದಿನ, ಯಂತ್ರ ಮರಳಿಸುವ ದಿನಾಂಕ.

(9) ಗ್ಯಾರಂಟಿಯ ಅವಧಿ ಮತ್ತು ವ್ಯಾಪ್ತಿ. ವೋಲ್ಟೇಜ್ ಏರುಪೇರು, ನೀರಿಲ್ಲದೆ ಪಂಪ್ ಓಡಿಸಿದ್ದು ಮುಂತಾಗಿ ಗ್ಯಾರಂಟಿಗೆ ಒಳಪಡದ ಕಾರಣಗಳು.

(10) ಯಂತ್ರವನ್ನು ಮರಳಿ ಪಡೆಯದಿದ್ದಲ್ಲಿ ಅನುಸರಿಸುವ ಕ್ರಮ.

4. ಷರತ್ತುಗಳ ಮಾದರಿ

ಅವಧಿ ಮತ್ತು ಮೊತ್ತಗಳನ್ನು ಉಭಯ ಪಕ್ಷದವರು ನಿರ್ಧರಿಸಿ ತುಂಬತಕ್ಕದ್ದು.

"ಮೇಲ್ಕಂಡ ಯಂತ್ರವನ್ನು ದುರಸ್ತಿಗಾಗಿ ಒಪ್ಪಿಸಿರುತ್ತೇನೆ. ಅಂದಾಜು ವೆಚ್ಚ ರೂ. ______. ವೆಚ್ಚವು ರೂ. ______ ಮೀರುವುದಾದಲ್ಲಿ ನನ್ನ ಒಪ್ಪಿಗೆ ಪಡೆದ ನಂತರವೇ ಕೆಲಸ ಮುಂದುವರಿಸತಕ್ಕದ್ದು. ನಾನು ಒಪ್ಪದಿದ್ದಲ್ಲಿ ಪರೀಕ್ಷಾ ಶುಲ್ಕ ರೂ. ______ ಪಾವತಿಸಿ ಯಂತ್ರವನ್ನು ಮರಳಿ ಪಡೆಯುತ್ತೇನೆ. ಕೆಲಸ ಮುಗಿದ ಬಗ್ಗೆ ತಿಳಿಸಿದ ______ ದಿನಗಳೊಳಗೆ ಹಣ ಪಾವತಿಸಿ ಯಂತ್ರವನ್ನು ಒಯ್ಯುತ್ತೇನೆ. ತಪ್ಪಿದಲ್ಲಿ ದಿನಕ್ಕೆ ರೂ. ______ ದಾಸ್ತಾನು ಶುಲ್ಕ ಕೊಡಲು ಬದ್ಧನಿರುತ್ತೇನೆ. ______ ತಿಂಗಳು ಕಳೆದ ನಂತರ, ಸ್ಪೀಡ್ ಪೋಸ್ಟ್ ಮೂಲಕ ______ ದಿನಗಳ ನೋಟೀಸು ನೀಡಿ ಯಂತ್ರವನ್ನು ಮಾರಾಟ ಮಾಡಲು, ತಮ್ಮ ಬಾಕಿಯನ್ನು ಮುರಿದುಕೊಂಡು ಉಳಿದ ಹಣವನ್ನು ನನಗೆ ಮರಳಿಸಲು ದುರಸ್ತಿದಾರರಿಗೆ ಅಧಿಕಾರ ನೀಡಿರುತ್ತೇನೆ."

ಉದಾಹರಣೆ: ರೈತರೊಬ್ಬರು 5 ಅಶ್ವಶಕ್ತಿಯ ಮೋಟಾರನ್ನು ವೈಂಡಿಂಗ್‌ಗೆ ತಂದಿದ್ದು, ಅಂದಾಜು ರೂ. 4,500, ಗರಿಷ್ಠ ಮಿತಿ ರೂ. 5,000 ಎಂದು ಬರೆಯಲಾಗಿದೆ ಎಂದಿಟ್ಟುಕೊಳ್ಳೋಣ. ಬಿಚ್ಚಿದಾಗ ಬೇರಿಂಗುಗಳೂ ಹಾಳಾಗಿದ್ದು ಒಟ್ಟು ರೂ. 6,200 ಆಗುವುದು ಕಂಡುಬರುತ್ತದೆ. ಇಲ್ಲಿ ಕೆಲಸ ನಿಲ್ಲಿಸಿ, ರೈತರಿಗೆ ತಿಳಿಸಿ, ಒಪ್ಪಿಗೆಯನ್ನು ದಿನಾಂಕದೊಂದಿಗೆ ದಾಖಲಿಸಬೇಕು. ಒಪ್ಪಿಗೆ ಇಲ್ಲದೆ ಕೆಲಸ ಮುಗಿಸಿ ರೂ. 6,200 ಕೇಳಿದಲ್ಲಿ, ಮಿತಿಗಿಂತ ಹೆಚ್ಚಿನ ರೂ. 1,200 ಕುರಿತು ದುರಸ್ತಿದಾರರ ವಾದವು ದುರ್ಬಲವಾಗುತ್ತದೆ. ಅತ್ತ ಬೆಳೆಗೆ ನೀರುಣಿಸುವ ದಿನಗಳಲ್ಲಿ ಮೋಟಾರು ಅಂಗಡಿಯಲ್ಲಿಯೇ ಉಳಿದರೆ ರೈತರಿಗಾಗುವ ನಷ್ಟವು ಈ ವ್ಯತ್ಯಾಸಕ್ಕಿಂತ ಬಹಳ ಹೆಚ್ಚು.

5. ಸಹಿ, ಭಾಷೆ ಮತ್ತು ಪ್ರತಿ

- ಸಹಿ ಮಾಡುವವರು 18 ವರ್ಷ ಪೂರೈಸಿರತಕ್ಕದ್ದು. ಯಂತ್ರ ತಂದ ಬಾಲಕರಿಂದ ಸಹಿ ಪಡೆಯುವಂತಿಲ್ಲ.
- ಪತ್ರವು ಗ್ರಾಹಕರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡ ಓದಲು ಬಾರದ ತೆಲುಗು ಅಥವಾ ಉರ್ದು ಭಾಷಿಕರಿಗೆ ಷರತ್ತುಗಳನ್ನು ಅವರ ಭಾಷೆಯಲ್ಲಿ ವಿವರಿಸಿ, ಹಾಗೆ ವಿವರಿಸಲಾಗಿದೆ ಎಂದು ಬರೆಯುವುದು.
- ಸಹಿ ಮಾಡಲು ಬಾರದವರ ಹೆಬ್ಬೆಟ್ಟಿನ ಗುರುತನ್ನು, ಅವರಿಗೆ ಪತ್ರವನ್ನು ಓದಿ ಹೇಳಿದ ನಂತರ, ಸಾಕ್ಷಿಯ ಸಮಕ್ಷಮದಲ್ಲಿ ಪಡೆಯುವುದು.
- ಎರಡು ಪ್ರತಿಗಳನ್ನು ತಯಾರಿಸಿ ಒಂದನ್ನು ಗ್ರಾಹಕರಿಗೆ ಕೊಡತಕ್ಕದ್ದು. ಖಾಲಿ ಜಾಗವಿರುವ ಪತ್ರಕ್ಕೆ ಗ್ರಾಹಕರು ಸಹಿ ಮಾಡಬಾರದು.
- ವಾಟ್ಸ್‌ಆ್ಯಪ್ ಅಥವಾ ಕಿರು ಸಂದೇಶದ ಮೂಲಕ ನೀಡಿದ ಒಪ್ಪಿಗೆಯು ವಿದ್ಯುನ್ಮಾನ ರೂಪದಲ್ಲಿದೆ ಎಂಬ ಕಾರಣಕ್ಕೆ ಅಸಿಂಧುವಾಗುವುದಿಲ್ಲ (ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000, ಪ್ರಕರಣ 10ಎ). ಇವುಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕರಣ 63ರ ಪ್ರಮಾಣಪತ್ರ ಬೇಕಾಗುವುದರಿಂದ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳುವುದು.
- ವಾರ್ಷಿಕ ನಿರ್ವಹಣೆಯಂತಹ ದೀರ್ಘಾವಧಿ ಒಪ್ಪಂದಗಳನ್ನು ನಿಗದಿತ ಮೌಲ್ಯದ ಸ್ಟಾಂಪು ಕಾಗದದ ಮೇಲೆ ಮಾಡಿಕೊಳ್ಳತಕ್ಕದ್ದು. ಸ್ಟಾಂಪು ಶುಲ್ಕ ಕೊಡಬೇಕಾದ ಪತ್ರಕ್ಕೆ ಅದನ್ನು ಪಾವತಿಸದಿದ್ದಲ್ಲಿ, ಶುಲ್ಕ ಮತ್ತು ದಂಡ ಕಟ್ಟುವವರೆಗೆ ಆ ಪತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗುವುದಿಲ್ಲ (ಕರ್ನಾಟಕ ಸ್ಟಾಂಪು ಅಧಿನಿಯಮ, 1957, ಪ್ರಕರಣ 34).
- ರೂ. 5,000ಕ್ಕಿಂತ ಹೆಚ್ಚಿನ ಹಣದ ರಸೀದಿಗೆ ರೂ. 1ರ ರೆವಿನ್ಯೂ ಸ್ಟಾಂಪು ಅಂಟಿಸತಕ್ಕದ್ದು.

6. ಕಾರ್ಖಾನೆ ಮತ್ತು ಗಿರಣಿಗಳೊಂದಿಗಿನ ಒಪ್ಪಂದ

ಕಾರ್ಖಾನೆಗಳ ಕೆಲಸದಲ್ಲಿ ಹಣ ಪಾವತಿಯ ವಿಳಂಬವು ಸಣ್ಣ ಘಟಕಗಳಿಗೆ ದೊಡ್ಡ ತೊಂದರೆಯಾಗಿರುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕರಣ 15ರ ಮೇರೆಗೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮವು ಒದಗಿಸಿದ ಸೇವೆಗೆ ಲಿಖಿತವಾಗಿ ಒಪ್ಪಿದ ದಿನಾಂಕದೊಳಗೆ ಹಣ ಪಾವತಿಸತಕ್ಕದ್ದು. ಆ ಅವಧಿಯು ಯಾವುದೇ ಸಂದರ್ಭದಲ್ಲಿ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳ ಕಾಲಾವಕಾಶವಿರುತ್ತದೆ. ತಪ್ಪಿದಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಮಾಸಿಕ ಲೆಕ್ಕದಲ್ಲಿ ಕೊಡಬೇಕಾಗುತ್ತದೆ (ಪ್ರಕರಣ 16).

ಕೆಲಸ ಒಪ್ಪಿಸಿದ ದಿನದಂದೇ ಕಾರ್ಖಾನೆಯವರ ಸಹಿ, ಮೊಹರು ಮತ್ತು ದಿನಾಂಕ ಪಡೆಯುವುದು ಅತ್ಯಗತ್ಯ. ದಿನಗಳ ಎಣಿಕೆಯು ಅಲ್ಲಿಂದಲೇ ಪ್ರಾರಂಭವಾಗುತ್ತದೆ. ಈ ಸೌಲಭ್ಯಕ್ಕಾಗಿ ಕೆಲಸ ವಹಿಸಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಸೂಕ್ತ. 2020ರ ಜುಲೈ 1ರಿಂದ ಜಾರಿಗೆ ಬಂದಿರುವ ಸದರಿ ನೋಂದಣಿಯು ಆನ್‌ಲೈನ್ ಮೂಲಕ ಸಂಪೂರ್ಣ ಉಚಿತವಾಗಿರುತ್ತದೆ. ಮಧ್ಯವರ್ತಿಗಳಿಗೆ ಹಣ ನೀಡಬಾರದು.

7. ಬರೆದರೂ ಊರ್ಜಿತವಾಗದ ಷರತ್ತುಗಳು

"ಯಾವುದೇ ನ್ಯಾಯಾಲಯಕ್ಕೆ ಹೋಗುವಂತಿಲ್ಲ" ಎಂಬಂತಹ ಸಂಪೂರ್ಣ ನಿರ್ಬಂಧವು ಕರಾರು ಅಧಿನಿಯಮದ ಪ್ರಕರಣ 28ರ ಮೇರೆಗೆ ಶೂನ್ಯವಾಗಿರುತ್ತದೆ. ವಿಪರೀತ ಠೇವಣಿ ಅಥವಾ ನಷ್ಟಕ್ಕೆ ಹೊಂದಿಕೆಯಾಗದ ದಂಡ ವಿಧಿಸುವ ಷರತ್ತನ್ನು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಅನುಚಿತ ಕರಾರೆಂದು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಬಹುದು. "ಗ್ಯಾರಂಟಿ ಇಲ್ಲ" ಎಂಬ ಫಲಕ ಹಾಕಿದ ಮಾತ್ರಕ್ಕೆ ಸೇವೆಯ ನ್ಯೂನತೆ ಕುರಿತು ದೂರು ನೀಡುವ ಗ್ರಾಹಕರ ಹಕ್ಕು ಇಲ್ಲವಾಗುವುದಿಲ್ಲ. ಒದಗಿಸಿದ ಸೇವೆಗೆ ಬಿಲ್ಲು ಅಥವಾ ರಸೀದಿ ನೀಡದಿರುವುದು ಸದರಿ ಅಧಿನಿಯಮದಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿದೆ.

8. ವಿವಾದ ಉಂಟಾದಲ್ಲಿ

ಗ್ರಾಹಕರು: ಮೊದಲು ಲಿಖಿತ ನೋಟೀಸು ನೀಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಪರಿಹಾರ ದೊರೆಯದಿದ್ದಲ್ಲಿ ಎರಡು ವರ್ಷಗಳೊಳಗೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತವು ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ.

ದುರಸ್ತಿದಾರರು: ಮಜೂರಿ ವಸೂಲಿಗಾಗಿ ಸಿವಿಲ್ ದಾವೆ ಹೂಡಲು, ಪಾವತಿಯ ದಿನ ನಿಗದಿಯಾಗಿರದಿದ್ದಲ್ಲಿ, ಕೆಲಸ ಮುಗಿದ ದಿನದಿಂದ ಮೂರು ವರ್ಷಗಳ ಕಾಲಮಿತಿ ಇರುತ್ತದೆ. ಕಾರ್ಖಾನೆಗಳಿಂದ ಬರಬೇಕಾದ ವಿಳಂಬಿತ ಹಣಕ್ಕಾಗಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸಬಹುದು.

ಉಭಯ ಪಕ್ಷದವರು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನವಾಗಿದ್ದು, ಮೇಲ್ಮನವಿಗೆ ಅವಕಾಶವಿರುವುದಿಲ್ಲ. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಸೇರಿದವರು ಉಚಿತ ಕಾನೂನು ನೆರವಿಗೆ ಅರ್ಹರಿರುತ್ತಾರೆ. ಸಹಾಯವಾಣಿ: 15100.

ಮೇಲ್ಕಂಡ ಎಲ್ಲ ಸಂದರ್ಭಗಳಲ್ಲಿಯೂ ಅರ್ಜಿಯೊಂದಿಗೆ ಒಪ್ಪಂದ ಪತ್ರದ ಪ್ರತಿ, ರಸೀದಿ, ನೋಟೀಸಿನ ಪ್ರತಿ ಮತ್ತು ಅಂಚೆ ರಸೀದಿಯನ್ನು ಲಗತ್ತಿಸತಕ್ಕದ್ದು. ವಿವಾದ ಬಗೆಹರಿಯುವವರೆಗೆ ಹಾಗೂ ಕನಿಷ್ಠ ಮೂರು ವರ್ಷಗಳ ಕಾಲ ಸದರಿ ದಾಖಲೆಗಳನ್ನು ಕಾಯ್ದಿರಿಸಿಕೊಳ್ಳುವುದು ಉಭಯ ಪಕ್ಷದವರ ಹಿತದೃಷ್ಟಿಯಿಂದ ಅವಶ್ಯಕವಾಗಿರುತ್ತದೆ.