ಕೌದಿ ಓದೋದು ಹೆಂಗ? (ಭಾಗ 3)

ದೋಸ್ತರೇ, ಇತಿಹಾಸ ಅಂದ್ರೆ ನಮಗ ಮಳಖೇಡದ ಕೋಟೆ, ಕಲಬುರಗಿ ಕಿಲ್ಲಾ ನೆನಪಾಗ್ತದ. ನಿಮ್ಮ ಮನಿ ಹಾಸಿಗೆ ಗಂಟಿನ್ಯಾಗಿರೋ ಕೌದಿ ಯಾವತ್ತಾದ್ರೂ ಬಿಚ್ಚಿ ನೋಡೀರೇನು?

ಕೌದಿಗೆ ಹೊಸ ಬಟ್ಟೆ ಬೇಕಾಗಿಲ್ಲ. ಹಳೆ ಸೀರಿ, ಧೋತರ ಪದರ ಪದರ ಹಾಸಿ, ಮ್ಯಾಲ ಬಣ್ಣದ ತುಂಡು ಜೋಡಿಸಿ, ಸಾಲು ಸಾಲು ಹೊಲಿಗೆ ಹಾಕ್ತಾರ. ಮನಿ ಮಂದಿ ಉಟ್ಟಿದ್ದು, ತೊಟ್ಟಿದ್ದು ಎಲ್ಲ ಅದರೊಳಗ. ಹೆಸರು ಬರೆದಿರಂಗಿಲ್ಲ. ಯಾವ ತುಂಡು ಯಾರದು ಅಂತ ಹೊಲಿದಾಕೆಗೆ ಮಾತ್ರ ಗೊತ್ತು.

ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಮಕ್ಕಳು ಕೌದಿಯ ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’ ಹೊಲೀತಾರ. ಅದಿಲ್ಲದಿದ್ರೆ ಕೌದಿ ಪೂರ್ತಿ ಆದಂಗಲ್ಲ. ಧಾರವಾಡ ಕಡೆ ಕಸೂತಿಯೊಳಗ ಎಳಿ ಎಣಿಸಿ, ಗಂಟು ಹಾಕದೆ, ಗೋಪುರ, ತೇರು, ತುಳಸಿಕಟ್ಟೆ ಮೂಡಿಸ್ತಾರ.

ನಮ್ಮ ಚಿತ್ತಾಪುರ, ಚಿಂಚೋಳಿ ತಾಂಡಾಗಳ ಕತಿ ಬ್ಯಾರೆ. ಲಂಬಾಣಿ ಹಿರಿಯರು ಎತ್ತಿನ ಮ್ಯಾಲ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ ತುಂಬ ತಿರುಗ್ತಿದ್ರು. 1874ರಲ್ಲಿ ವಾಡಿ–ಸಿಕಂದರಾಬಾದ್ ರೈಲು ಬಂತು. ರೈಲು ಬಂದಂಗೆಲ್ಲ ಎತ್ತಿನ ಸಾಗಾಟ ಬಿದ್ದುಹೋಯ್ತು. ಕನ್ನಡಿ, ಕವಡಿ ಹಚ್ಚಿ ಹೊಲಿಯೋ ಕೈ ಮಾತ್ರ ನಿಲ್ಲಲಿಲ್ಲ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಮಕ್ಕಳು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆ ಸೇರಿತು.

ಚಲೋನೇ ಆಯ್ತು. ಆದ್ರೆ ನಿಮ್ಮ ಮನಿ ಕೌದಿ ಯಾವ ದಾಖಲೆಗೂ ಹೋಗಂಗಿಲ್ಲ. ಸೊಲ್ಲಾಪುರ ಚಾದರ, ಮೆತ್ತನ್ನ ಬ್ಲಾಂಕೆಟ್ ಬಂದ ಮ್ಯಾಲ ಅದು ಟ್ರ್ಯಾಕ್ಟರ್ ಸೀಟಿಗೋ, ದನದ ಕೊಟ್ಟಿಗಿಗೋ ಹೋಗ್ತದ. ಬಟ್ಟೆ ಹರಿದ್ರೆ ತೇಪಿ ಹಚ್ಚಬಹುದು. ಹೇಳೋ ಆಯಿನೇ ಹೋದ್ರೆ ಉಳಿಯೋದು ಬರೇ ಅರಿವಿ.

ಅದಕ್ಕ ಈ ಭಾನುವಾರ ಇಷ್ಟು ಮಾಡ್ರಿ:

🧵 ಕೌದಿ ಹಾಸಿ, ಆಯಿನ್ನ ಬಾಜೂಕ ಕೂಡಿಸಿಕೊಳ್ರಿ. ಒಂದೊಂದು ತುಂಡಿನ ಮ್ಯಾಲ ಬೆರಳಿಟ್ಟು “ಇದು ಯಾರದು?” ಅಂತ ಕೇಳ್ರಿ.
🧵 ಆಕೆ ಹೇಳೋದನ್ನ ಮೊಬೈಲ್‌ನಾಗ ರೆಕಾರ್ಡ್ ಮಾಡ್ರಿ. ಫೋಟೊ ಒಂದರಿಂದ ಬಣ್ಣ ಉಳೀತದ, ಮಾತು ಉಳಿಯಂಗಿಲ್ಲ.
🧵 ಹೊಲಿದಾಕೆಯ ಹೆಸರು, ತವರೂರು, ಅಂದಾಜು ವರ್ಷ ಒಂದು ಬಿಳಿ ಬಟ್ಟೆ ಮ್ಯಾಲ ದಾರದಿಂದ ಹೊಲಿದು ಕೌದಿ ಹಿಂದ ಹಚ್ರಿ. ಮೊಬೈಲ್ ಕೆಟ್ಟರೂ ಅದು ಇರ್ತದ.
🧵 ಎತ್ತಿಡೋವಾಗ ಪ್ಲಾಸ್ಟಿಕ್ ಚೀಲ ಬ್ಯಾಡ, ಒಳಗ ಪಸಿ ನಿಲ್ತದ. ಚೆನ್ನಾಗಿ ಒಣಗಿಸಿ, ಹತ್ತಿ ಬಟ್ಟೆ ಸುತ್ತಿಡ್ರಿ.

ನಿಮ್ಮ ಮನಿ ಕೌದಿಯೊಳಗ ಎಲ್ಲಕ್ಕಿಂತ ಹಳೆ ತುಂಡು ಯಾರದು? ಕೇಳಿಕೊಂಡು ಬಂದು ಕಾಮೆಂಟ್‌ನಾಗ ಬರೀರಿ.

#ತೆಂಗಳಿ #ಕೌದಿ #ನಮ್ಮಮನಿಇತಿಹಾಸ